ಶಾಲಾ ನಾಯಕತ್ವ: ಮುಖ್ಯ ಶಿಕ್ಷಕರ ಹಾಗೂ ಸಹಶಿಕ್ಷಕರ ದೃಷ್ಟಿ (ಮಂಡ್ಯ, ಮದ್ದೂರು, ಮಳವಳ್ಳಿ)

ಶಾಲೆಯ ಮುಖ್ಯಸ್ಥರ ಪದನಾಮವು ಹಂತಕ್ಕನುಗುಣವಾಗಿ ಬದಲಾಗುತ್ತದೆ. ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಶಿಕ್ಷಕರು, ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯರು, ಪದವಿಪೂರ್ವ ಕಾಲೇಜಿನಲ್ಲಿ ಪ್ರಾಂಶುಪಾಲರು ಹಾಗೂ ಅದರ ಪ್ರೌಢಶಾಲಾ ವಿಭಾಗದಲ್ಲಿ ಉಪಪ್ರಾಂಶುಪಾಲರು ಈ ಹೊಣೆಯನ್ನು ನಿರ್ವಹಿಸುತ್ತಾರೆ. ಮಂಡ್ಯ ಉತ್ತರ, ಮಂಡ್ಯ ದಕ್ಷಿಣ, ಮದ್ದೂರು ಹಾಗೂ ಮಳವಳ್ಳಿ ವಲಯಗಳ ಶಾಲೆಗಳ ಮೇಲ್ವಿಚಾರಣೆಯು ಆಯಾ ಕ್ಷೇತ್ರ ಶಿಕ್ಷಣಾಧಿಕಾರಿಗಳದಾಗಿರುತ್ತದೆ.

ಮುಖ್ಯ ಶಿಕ್ಷಕರ ದೃಷ್ಟಿಯಲ್ಲಿ ನಾಯಕತ್ವವೆಂಬುದು ಬಹುಮಟ್ಟಿಗೆ ಉತ್ತರದಾಯಿತ್ವವೇ ಆಗಿದೆ. ನೇಮಕಾತಿ, ವರ್ಗಾವಣೆಗಳು ಅವರ ಕೈಯಲ್ಲಿಲ್ಲ. ಆದರೆ ಬಿಸಿಯೂಟದ ದಾಸ್ತಾನು, ಹಾಲಿನ ಪುಡಿ ಹಾಗೂ ಮೊಟ್ಟೆಯ ಲೆಕ್ಕ, ಮಕ್ಕಳ ಮಾಹಿತಿಯ ಗಣಕ ನಮೂದು, ಕಟ್ಟಡದ ದುರಸ್ತಿ ಇವೆಲ್ಲಕ್ಕೂ ಅವರೇ ಉತ್ತರಿಸಬೇಕು. 2001ರ ಸರ್ಕಾರಿ ಆದೇಶದಂತೆ ರಚನೆಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೂ ಅವರೇ ಕಾರ್ಯದರ್ಶಿಗಳು.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು 1ರಿಂದ 5ನೇ ತರಗತಿಗಳಲ್ಲಿ 150ಕ್ಕೂ ಹೆಚ್ಚು ಮಕ್ಕಳಿದ್ದಲ್ಲಿ ಪ್ರತ್ಯೇಕ ಮುಖ್ಯ ಶಿಕ್ಷಕರನ್ನು ವಿಧಿಸುತ್ತದೆ. ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಅಷ್ಟು ಮಕ್ಕಳಿರುವುದು ವಿರಳ. ಅಲ್ಲಿ ಹಿರಿಯ ಶಿಕ್ಷಕರೇ ಪ್ರಭಾರ ವಹಿಸಿ, ಪಾಠವನ್ನೂ ಮಾಡುತ್ತಾರೆ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಪ್ರಭಾರಿಗಳು ತಾಲ್ಲೂಕು ಕೇಂದ್ರದ ಸಭೆಗೆ ಹೊರಟರೆ, ನಲಿ-ಕಲಿಯ ಮೂರು ತರಗತಿಗಳೊಡನೆ ನಾಲ್ಕು ಮತ್ತು ಐದನೆಯದೂ ಉಳಿದೊಬ್ಬರ ಪಾಲಿಗೆ ಬರುತ್ತವೆ. ಅಂದಿನ ಕಲಿಕೆ ಎಷ್ಟು ನಡೆದೀತೆಂಬುದನ್ನು ಊಹಿಸಬಹುದು.

ಸಹಶಿಕ್ಷಕರ ಅಳತೆಗೋಲು ಬೇರೆ. ವೇಳಾಪಟ್ಟಿಯ ಹಂಚಿಕೆ ನ್ಯಾಯವಾಗಿದೆಯೇ, ರಜೆಯಲ್ಲಿ ತಾರತಮ್ಯವಿದೆಯೇ, ಮುಖ್ಯಸ್ಥರು ತಾವೂ ತರಗತಿ ತೆಗೆದುಕೊಳ್ಳುವರೇ, ಪೋಷಕರು ಜಗಳಕ್ಕೆ ಬಂದಾಗ ಜೊತೆಗೆ ನಿಲ್ಲುವರೇ ಎಂಬುದನ್ನು ಅವರು ನೋಡುತ್ತಾರೆ. ಯಾರನ್ನೂ ಏನೂ ಕೇಳದವರನ್ನೇ ಒಳ್ಳೆಯ ಮುಖ್ಯಸ್ಥರೆಂದು ಕರೆಯುವ ರೂಢಿಯೂ ಇಲ್ಲದಿಲ್ಲ. ಆದಾಗ್ಯೂ ಪಾಠವನ್ನು ಕುಳಿತು ಗಮನಿಸಿ, ಬಳಿಕ ಅದರ ಬಗ್ಗೆ ಚರ್ಚಿಸುವ ಮುಖ್ಯಸ್ಥರು ವಿರಳವೆಂಬ ಶಿಕ್ಷಕರ ಮಾತನ್ನು ಗಂಭೀರವಾಗಿ ಪರಿಗಣಿಸಬೇಕು. ಮಕ್ಕಳ ಕಲಿಕೆಗೆ ಕಡತಕ್ಕಿಂತ ಇದೇ ಹತ್ತಿರದ್ದು.

ಮುಖ್ಯ ಶಿಕ್ಷಕರಿಗೆ ಅಧಿಕಾರವೇ ಇಲ್ಲವೆಂಬ ಮಾತು ಪೂರ್ಣ ಸರಿಯಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರುಣ್ಣುವ ಈ ಮೂರೂ ತಾಲ್ಲೂಕುಗಳಲ್ಲಿ ಕಬ್ಬು ಕಟಾವಿನ ಹಂಗಾಮಿಗೆ ಹೊರಜಿಲ್ಲೆಗಳಿಂದ ಕೂಲಿಕಾರರ ಕುಟುಂಬಗಳು ಬರುತ್ತವೆ. ಸದರಿ ಕಾಯ್ದೆಯನ್ವಯ ಅಂತಹ ಮಕ್ಕಳನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳತಕ್ಕದ್ದು. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಗದ್ದೆಯ ಬದಿಯಲ್ಲಿರುವ ಮಗುವನ್ನು ಶಾಲೆಗೆ ಕರೆತರುವ ತೀರ್ಮಾನಕ್ಕೆ ಮೇಲಿನ ಆದೇಶವನ್ನು ಕಾಯಬೇಕಾಗಿಲ್ಲ. ಆ ಮಗುವಿಗೆ ತರಗತಿಯಲ್ಲಿ ಜಾಗ ಮಾಡಿಕೊಡುವವರು ಮಾತ್ರ ಸಹಶಿಕ್ಷಕರು. ಅವರನ್ನು ಮೊದಲೇ ವಿಶ್ವಾಸಕ್ಕೆ ತೆಗೆದುಕೊಂಡಲ್ಲಿ ಮಗು ಶಾಲೆಯಲ್ಲಿ ನಿಲ್ಲುತ್ತದೆ.

ಮುಖ್ಯ ಶಿಕ್ಷಕರ ಗೈರುಹಾಜರಿಯಲ್ಲಿ ಪ್ರಭಾರ ಯಾರದೆಂಬುದನ್ನು ಪೋಷಕರು ಶಾಲೆಯಲ್ಲಿ ವಿಚಾರಿಸಬಹುದು. ಹುದ್ದೆ ದೀರ್ಘಕಾಲ ಖಾಲಿಯಿದ್ದಲ್ಲಿ ಸಮಿತಿಯ ಸಭೆಯಲ್ಲಿ ವಿಷಯವನ್ನು ಮಂಡಿಸಿ, ನಡವಳಿಯ ಪ್ರತಿಯೊಡನೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಮನವಿ ಸಲ್ಲಿಸಬಹುದು.