ತುಂಗೆ ಭದ್ರೆಯರ ದೋಣಿಗಂಡಿಗಳು

ದ್ವೀಪವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಸಮುದ್ರ. ಆಗುಂಬೆಯ ಘಟ್ಟವನ್ನಿಳಿದು ಉಡುಪಿಯ ಕಡೆಗೆ ಹೋದವರಲ್ಲಿ ಹಲವರು ಮಲ್ಪೆಯ ಕಡಲ ತೀರದಲ್ಲಿ ದೋಣಿಯೇರಿ, ಸೇಂಟ್ ಮೇರಿ ದ್ವೀಪವನ್ನು ನೋಡಿ ಬಂದಿರಬಹುದು. ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದಂತೆ ಕಾಣುವ ಅಲ್ಲಿಯ ಕಪ್ಪು ಶಿಲೆಗಳೂ ತೆಂಗಿನ ಮರಗಳೂ ನೋಡತಕ್ಕವೇ ಸರಿ. ಆದರೆ ಮಳೆಗಾಲ ಹಿಡಿದೊಡನೆ ಮಲ್ಪೆಯ ಆ ದೋಣಿಗಳು ದಡ ಸೇರುತ್ತವೆ. ಕಡಲು ಶಾಂತವಾಗುವವರೆಗೂ ದ್ವೀಪಯಾತ್ರೆ ಇಲ್ಲ. ಘಟ್ಟದ ಮೇಲಣ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ ಇದಕ್ಕೆ ತೀರ ವಿಪರೀತವಾದ ಕ್ರಮವಿದ್ದಿತು. ಅಲ್ಲಿ ದೋಣಿಯನ್ನು ನೀರಿಗಿಳಿಸುತ್ತಿದ್ದುದೇ ಮಳೆಗಾಲದಲ್ಲಿ. ಕಡಲಿನ ದ್ವೀಪವನ್ನು ಸೃಷ್ಟಿ ಮಾಡಿಟ್ಟಿದೆ. ಮಲೆನಾಡಿನ ದ್ವೀಪವನ್ನು ಪ್ರತಿ ವರ್ಷವೂ ಮಳೆಯೇ ಮಾಡುತ್ತಿದ್ದಿತು. ಈ ಎರಡನೆಯ ಬಗೆಯ ದ್ವೀಪವನ್ನೂ ಅದಕ್ಕೆ ಹೋಗಿಬರುತ್ತಿದ್ದ ದೋಣಿಯನ್ನೂ ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ತುಂಗೆಯೂ ಭದ್ರೆಯೂ ಹುಟ್ಟುವುದು ವರಾಹ ಪರ್ವತದ ಗಂಗಾಮೂಲದಲ್ಲಿ. ಹುಟ್ಟಿದ ಕೂಡಲೆ ಅಕ್ಕತಂಗಿಯರು ಬೇರೆಬೇರೆ ದಾರಿ ಹಿಡಿಯುತ್ತಾರೆ. ತುಂಗೆ ಶೃಂಗೇರಿಯನ್ನು ಬಳಸಿ, ಕೊಪ್ಪದ ತಾಲ್ಲೂಕಿನ ಹರಿಹರಪುರವನ್ನು ಹಾದು ತೀರ್ಥಹಳ್ಳಿಗೆ ಹೋಗುತ್ತಾಳೆ. ಭದ್ರೆ ಕಳಸದ ಕಡೆಯಿಂದ ಬಾಳೆಹೊನ್ನೂರಿಗೆ ಬಂದು, ನರಸಿಂಹರಾಜಪುರದ ಪಕ್ಕದಲ್ಲಿ ಲಕ್ಕವಳ್ಳಿಗೆ ಸಾಗುತ್ತಾಳೆ. ಶಿವಮೊಗ್ಗದ ಕೆಳಗೆ ಕೂಡಲಿಯಲ್ಲಿ ಇಬ್ಬರೂ ಒಂದಾಗುವವರೆಗೆ ಈ ಮೂರು ತಾಲ್ಲೂಕುಗಳ ಜನರ ಬಾಳು ಎರಡು ಹೊಳೆಗಳಿಗೂ ಅವುಗಳ ನೂರಾರು ಹಳ್ಳಗಳಿಗೂ ಅಧೀನವಾಗಿದ್ದಿತು. ಚೈತ್ರ ವೈಶಾಖಗಳಲ್ಲಿ ಎಷ್ಟೋ ಕಡೆ ಪಂಚೆಯನ್ನು ಮೊಣಕಾಲಿಗೆತ್ತಿ ಬಂಡೆಯಿಂದ ಬಂಡೆಗೆ ದಾಟಬಹುದಾದ ಹೊಳೆಯು, ಆರಿದ್ರಾ ಪುನರ್ವಸು ಮಳೆಗಳು ಹಿಡಿದ ಮೇಲೆ ಕೆಂಪಾಗಿ, ಮರಗಳನ್ನು ಬೇರುಸಹಿತ ಹೊತ್ತು ತರುತ್ತದೆ. ಶೃಂಗೇರಿಯ ಸ್ನಾನಘಟ್ಟದ ಬಳಿ, ಹಾವು ಹೆಡೆಯೆತ್ತಿ ಕಪ್ಪೆಗೆ ನೆರಳಿತ್ತಿತೆಂಬ ಐತಿಹ್ಯಕ್ಕೆ ಸಂಬಂಧಿಸಿದ ಕಪ್ಪೆಶಂಕರನ ಸಣ್ಣ ಗುಡಿಯಿದೆ. ಅದು ಮುಳುಗಿತೆಂದರೆ ತುಂಗೆ ತುಂಬಿದಳೆಂದು ಊರಿನವರ ಲೆಕ್ಕ. ಅಳತೆಯ ಕಂಬಗಳು ಬರುವುದಕ್ಕೆ ಮೊದಲಿನಿಂದಲೂ ಇದ್ದ ಅಳತೆ ಇದು.

ಹೊಳೆ ತುಂಬಿದಾಗ ಆಚೆಯ ದಡ ಪರದೇಶವಾಗುತ್ತದೆ. ಮುಂದೆ ಹೊಳೆ, ಹಿಂದೆ ಬೆಟ್ಟ, ಎರಡು ಮಗ್ಗುಲಲ್ಲಿಯೂ ಸೊಕ್ಕಿದ ಹಳ್ಳ. ನಡುವೆ ಒಂದು ಮನೆ, ಸ್ವಲ್ಪ ಅಡಿಕೆ ತೋಟ, ಒಂದಿಷ್ಟು ಗದ್ದೆ. ಇದು ದ್ವೀಪವಲ್ಲದೆ ಮತ್ತೇನು? ಹಳ್ಳಗಳಿಗೆ ಅಡಿಕೆಯ ದಬ್ಬೆಗಳನ್ನೋ ಮರದ ದಿಮ್ಮಿಯನ್ನೋ ಹಾಕಿ ಕಾಲುಸಂಕ ಮಾಡಿಕೊಳ್ಳಬಹುದು. ಹೊಳೆಗೆ ಸಂಕವಿಲ್ಲ, ಅದಕ್ಕೆ ದೋಣಿಗಂಡಿಯೇ ಬೇಕು. ದಡದ ಬಂಡೆಗಳ ನಡುವೆ, ಸೆಳೆತ ಕಡಿಮೆಯಿರುವ ಮಡುವಿನ ಮಗ್ಗುಲಲ್ಲಿ, ದೋಣಿ ಬಂದು ನಿಲ್ಲಲು ಅನುಕೂಲವಾದ ಎಡೆಗೆ ಆ ಹೆಸರು. ಅಂಥ ಎಡೆಗಳು ಎಲ್ಲೆಂದರಲ್ಲಿ ಸಿಕ್ಕುವುದಿಲ್ಲ. ಆದುದರಿಂದ ನಮ್ಮ ಹಳೆಯ ದಾರಿಗಳು ಊರಿನಿಂದ ಊರಿಗೆ ನೆಟ್ಟಗೆ ಹೋಗದೆ ದೋಣಿಗಂಡಿಯನ್ನು ಹುಡುಕಿಕೊಂಡು ಬಳಸಿ ಹೋಗುತ್ತವೆ.

ಈ ಮಳೆಗಾಲದ ದೋಣಿಯ ವಿಷಯವು ಬಹು ಹಿಂದೆಯೇ ರಾಜ್ಯಶಾಸ್ತ್ರದಲ್ಲಿ ಸ್ಥಾನ ಪಡೆದಿದ್ದಿತೆಂಬುದು ಎಲ್ಲರಿಗೂ ತಿಳಿದಿರಲಾರದು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಯ ಪ್ರತಿ ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದುದೂ, ಅದನ್ನು ಆರ್. ಶಾಮಾಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚು ಮಾಡಿಸಿ ಲೋಕಕ್ಕೆ ಕೊಟ್ಟುದೂ ನಮ್ಮ ನಾಡಿಗೆ ಹೆಮ್ಮೆಯ ಸಂಗತಿ. ಆ ಗ್ರಂಥದ ಕಾಲದ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲದಿದ್ದರೂ ಅದರ ಪ್ರಾಚೀನತೆಯಲ್ಲಿ ಸಂದೇಹವಿಲ್ಲ. ಅದರ ಎರಡನೆಯ ಅಧಿಕರಣದಲ್ಲಿ ನಾವಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ಹೇಳುವ ಪ್ರಕರಣವೊಂದುಂಟು. ಬೇಸಗೆಯಲ್ಲಿಯೂ ಚಳಿಗಾಲದಲ್ಲಿಯೂ ಕಾಲ್ನಡೆಯಿಂದ ದಾಟಲಾಗದ ಮಹಾನದಿಗಳಿಗೆ ದೊಡ್ಡ ನಾವೆಗಳನ್ನೂ, ಮಳೆಗಾಲದಲ್ಲಿ ಮಾತ್ರ ಹರಿಯುವ ಸಣ್ಣ ಹೊಳೆಗಳಿಗೆ ಸಣ್ಣ ದೋಣಿಗಳನ್ನೂ ಇರಿಸತಕ್ಕದ್ದೆಂದು ಅಲ್ಲಿ ವಿಧಿ. ಆಷಾಢದ ಹುಣ್ಣಿಮೆ ಕಳೆದು ಒಂದು ವಾರದಿಂದ ಕಾರ್ತಿಕದ ಹುಣ್ಣಿಮೆಯವರೆಗೆ ದಾಟಿಸುವ ಕಾಲವೆಂದು ಅವಧಿಯನ್ನೂ ಗೊತ್ತುಮಾಡಿದೆ. ಇದನ್ನು ಓದುವ ಕೊಪ್ಪದವನಿಗೆ, ಕೌಟಿಲ್ಯನು ತನ್ನ ಊರಿನ ದೋಣಿಗಂಡಿಯಲ್ಲಿ ನಿಂತು ಬರೆದಂತೆ ತೋರಿದರೆ ಆಶ್ಚರ್ಯವಿಲ್ಲ. ನಮ್ಮಲ್ಲಿ ಹೊಳೆಯೇರುವುದು ಆಷಾಢಕ್ಕೆ ಸ್ವಲ್ಪ ಮುಂಚೆಯೇ ಎಂಬುದೊಂದೇ ವ್ಯತ್ಯಾಸ.

ದೋಣಿಯ ಕೂಲಿಯನ್ನು ಪ್ರಾಣಿ, ಹೊರೆ, ಗಾಡಿಗಳಿಗೆ ತಕ್ಕಂತೆ ಅಲ್ಲಿ ನಿಗದಿ ಮಾಡಿದೆ. ಅದಕ್ಕಿಂತ ಮುಖ್ಯವಾದುದು, ಯಾರಿಗೆ ಕೂಲಿಯಿಲ್ಲ ಎಂಬ ಮಾತು. ಬ್ರಾಹ್ಮಣರು, ಸಂನ್ಯಾಸಿಗಳು, ಮಕ್ಕಳು, ಮುದುಕರು, ರೋಗಿಗಳು, ರಾಜಶಾಸನವನ್ನು ಒಯ್ಯುವ ದೂತರು, ಬಸುರಿಯರು: ಇವರು ಅಧ್ಯಕ್ಷನ ಮುದ್ರೆಯನ್ನು ಪಡೆದು ದಾಟಬಹುದು. ಹೊತ್ತಲ್ಲದ ಹೊತ್ತಿನಲ್ಲಿ, ಗೊತ್ತಾದ ಗಂಡಿಯನ್ನು ಬಿಟ್ಟು ದಾಟಿದವನಿಗೆ ದಂಡ. ಆದರೆ ಬೆಸ್ತರು, ಸೌದೆ ಹುಲ್ಲು ತರುವವರು, ಹೂದೋಟ ಹಣ್ಣುತೋಟದವರು, ದನ ಕಾಯುವವರು ಇವರಿಗೆ ದಂಡವಿಲ್ಲ; ನೀರ ಮಗ್ಗುಲ ಹಳ್ಳಿಗಳಿಗೆ ಬೀಜ, ಆಹಾರ, ಸಾಮಾನುಗಳನ್ನು ಸಾಗಿಸುವವರಿಗೂ ಇಲ್ಲ. ನೀರಿನ ನಡುವೆ ಬದುಕತಕ್ಕವರ ಅನಿವಾರ್ಯವನ್ನು ಸರಕಾರವು ತಪ್ಪೆಂದು ಎಣಿಸಬಾರದೆಂಬ ವಿವೇಕ ಇದರಲ್ಲಿ ಕಾಣುತ್ತದೆ. ಆಳು ಸಾಲದೆ, ಸಲಕರಣೆ ಸಾಲದೆ, ದುರಸ್ತಿಯಿಲ್ಲದೆ ದೋಣಿ ಕೆಟ್ಟರೆ, ಹೋದ ವಸ್ತುವನ್ನು ನಾವಧ್ಯಕ್ಷನೇ ಕಟ್ಟಿಕೊಡಬೇಕು. ಬಡ ಅಂಬಿಗನ ಮೇಲೆ ಹೊರಿಸಿ ಜಾರಿಕೊಳ್ಳುವ ಹಾಗಿಲ್ಲ.

ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿಯೂ ಇದೇ ವಿಷಯ ಬರುತ್ತದೆ. ಅಲ್ಲಿ ಬರಿಯ ಗಾಡಿಗೆ ಒಂದು ಪಣ, ಹೊರೆ ಹೊತ್ತ ಗಂಡಸಿಗೆ ಅರ್ಧ, ಪಶುವಿಗೂ ಹೆಂಗಸಿಗೂ ಕಾಲು, ಬರಿಗೈಯವನಿಗೆ ಅರೆಕಾಲು. ಅಂಬಿಗರ ತಪ್ಪಿನಿಂದ ನಷ್ಟವಾದರೆ ಅಂಬಿಗರೆಲ್ಲ ಕೂಡಿ ತೆರಬೇಕು. ದೈವಿಕವಾದ ಆಪತ್ತಿಗೆ ದಂಡವಿಲ್ಲ. ಕೌಟಿಲ್ಯನು ಅಧಿಕಾರಿಯನ್ನು ಹಿಡಿದರೆ ಮನು ಅಂಬಿಗರನ್ನು ಹಿಡಿಯುತ್ತಾನೆ. ನನ್ನ ಮಟ್ಟಿಗೆ ಕೌಟಿಲ್ಯನ ನ್ಯಾಯವೇ ಮೇಲೆಂದು ತೋರುತ್ತದೆ. ಆದರೆ ಮನುವಿನ ಒಂದು ಮಾತು ಸ್ವಾರಸ್ಯವಾಗಿದೆ: ಈ ದರಗಳೆಲ್ಲ ನದಿಗೆ ಮಾತ್ರ, ಸಮುದ್ರಕ್ಕೆ ಇಂಥದೇ ಎಂಬ ನಿಯಮವಿಲ್ಲವಂತೆ. ಮಲ್ಪೆಯ ದೋಣಿಯವರು ಕೇಳಿದರೆ ಸಂತೋಷಪಟ್ಟಾರು!

ಇನ್ನು ದೋಣಿಯ ಸಂಗತಿ. ತುಂಗಭದ್ರೆಯ ಉದ್ದಕ್ಕೂ ಹೆಸರಾದುದು ಹರಿಗೋಲು. ಬಿದಿರನ್ನು ಬುಟ್ಟಿಯಂತೆ ಹೆಣೆದು ಹೊರಗೆ ತೊಗಲು ಹೊದಿಸಿದ ಈ ದುಂಡು ದೋಣಿಯನ್ನು ವಿಜಯನಗರದಲ್ಲಿ ಕೃಷ್ಣದೇವರಾಯನ ಕಾಲಕ್ಕೆ, ಸುಮಾರು ೧೫೨೦ರಲ್ಲಿ, ಪೋರ್ಚುಗೀಸ್ ಪ್ರವಾಸಿಯಾದ ಡೊಮಿಂಗೊ ಪಾಯೆಸ್ ಕಂಡು ವರ್ಣಿಸಿದ್ದಾನೆ. ಆನೆಗೊಂದಿಗೆ ಹೋಗುವ ಜನ ಬುಟ್ಟಿಯಂಥ ದೋಣಿಗಳಲ್ಲಿ ದಾಟುತ್ತಿದ್ದರೆಂದೂ, ಒಂದೊಂದರಲ್ಲಿ ಹದಿನೈದು ಇಪ್ಪತ್ತು ಮಂದಿ ಹಿಡಿಯುತ್ತಿದ್ದರೆಂದೂ, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ಹತ್ತಿಸುತ್ತಿದ್ದರೆಂದೂ, ಆದರೆ ಅವು ಸಾಮಾನ್ಯವಾಗಿ ಈಜಿಯೇ ಹೋಗುತ್ತಿದ್ದುವೆಂದೂ ಹೇಳುತ್ತಾನೆ. ಈ ದೋಣಿ ನೆಟ್ಟಗೆ ಹೋಗಲಾರದೆ ಸದಾ ತಿರುಗುತ್ತಿರುತ್ತದೆಂಬುದು ಅವನಿಗೆ ವಿಚಿತ್ರವಾಗಿ ಕಂಡಿತು. ಕಡಲಿನ ಹಡಗಿನಲ್ಲಿ ಬಂದವನಿಗೆ ಹಾಗೆ ಕಂಡುದು ಸಹಜ. ಆದರೆ ಬಂಡೆಗಳ ಹೊಳೆಯಲ್ಲಿ ಮೂತಿಯುಳ್ಳ ದೋಣಿ ಒಂದು ಕಲ್ಲಿಗೆ ತಗುಲಿದರೆ ಸೀಳುತ್ತದೆ. ಹರಿಗೋಲಾದರೋ ಬಾಗಿ, ತಿರುಗಿ, ಜಾರಿಕೊಳ್ಳುತ್ತದೆ. ತಿರುಗುವುದು ಅದರ ದೋಷವಲ್ಲ, ಗುಣ. ಒಬ್ಬನೇ ತಲೆಯ ಮೇಲೆ ಕವುಚಿಕೊಂಡು ಇನ್ನೊಂದು ಗಂಡಿಗೆ ನಡೆದುಹೋಗಬಹುದಾದ ಸಣ್ಣ ಹರಿಗೋಲುಗಳೂ ಉಂಟು. ೧೮೦೦ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಬಂದ ಕರ್ನಲ್ ವೆಲ್ಲೆಸ್ಲಿಯ ಸೈನ್ಯವೂ ಹರಿಹರದ ಬಳಿ ತುಂಬಿದ ತುಂಗಭದ್ರೆಯ ದಡದಲ್ಲಿ ದಿನಗಟ್ಟಲೆ ಕಾಯಬೇಕಾಯಿತು. ಮುಂದೆ ವಾಟರ್‌ಲೂ ಗೆದ್ದವನಿಗೆ ನಮ್ಮ ಹೊಳೆ ಕಲಿಸಿದ ತಾಳ್ಮೆ ಇದು.

ಮೇಲುಭಾಗದ ಮಡುಗಳಲ್ಲಿ ಮರದ ದೋಣಿಯೂ ನಡೆಯುತ್ತಿದ್ದಿತು. ಅಂಬಿಗನು ದಡದ ಹತ್ತಿರ ಗಳದಿಂದ ನೂಕಿ, ನಡುಹೊಳೆಯಲ್ಲಿ ಹುಟ್ಟು ಹಾಕುವನು. ನೀರು ಎಳೆದೊಯ್ಯುವ ದೂರವನ್ನು ಮೊದಲೇ ಲೆಕ್ಕಹಾಕಿ, ಸೇರಬೇಕಾದ ಗಂಡಿಗಿಂತ ಬಹಳ ಮೇಲಿನಿಂದ ಹೊರಡುವುದೇ ಅವನ ವಿದ್ಯೆ. ಆಚೆ ದಡದಲ್ಲಿ ಅಂಬಿಗನಿದ್ದರೆ ಈಚೆಯಿಂದ ಕೂ ಹಾಕಿ ಕರೆಯಬೇಕು. ಮಳೆಯ ಸದ್ದಿನಲ್ಲಿ ಆ ಕೂಗು ಮುಟ್ಟಿದರೆ ಪುಣ್ಯ. ಸಂತೆಗೆ ಹೊರಟವರು, ತವರಿಗೆ ಹೊರಟ ಹೆಣ್ಣುಮಕ್ಕಳು, ಘಟ್ಟದ ಕೆಳಗಿನಿಂದ ಉಪ್ಪು ತಂದು ಅಡಿಕೆ ಮೆಣಸುಗಳನ್ನು ಒಯ್ಯುವ ಹೇರೆತ್ತಿನವರು ಎಲ್ಲರೂ ಒಂದೇ ಬಂಡೆಯ ಮೇಲೆ ಕಾಯಬೇಕು. ಸೂಲಗಿತ್ತಿಯನ್ನು ಕರೆತರಲು ಹೋದವನೂ ಅಲ್ಲಿಯೇ ಕಾಯಬೇಕು. ಕೌಟಿಲ್ಯನು ಬಸುರಿಗೆ ಕೂಲಿಯಿಲ್ಲವೆಂದ. ಆದರೆ ಹೊಳೆ ಉಕ್ಕಿದ ರಾತ್ರಿ, ಕೂಲಿ ಎಷ್ಟು ಕೊಟ್ಟರೂ ದೋಣಿಯಿಲ್ಲ.

ಶೃಂಗೇರಿಯ ದೋಣಿ ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಊರೂ, ಶಾರದಾಂಬೆಯ ಮತ್ತು ವಿದ್ಯಾಶಂಕರನ ಗುಡಿಗಳೂ ತುಂಗೆಯ ಒಂದು ದಡದಲ್ಲಿದ್ದರೆ, ನರಸಿಂಹವನವು ದಕ್ಷಿಣದ ದಡದಲ್ಲಿದೆ. ೧೮೭೯ರಿಂದ ೧೯೧೨ರವರೆಗೆ ಪೀಠದಲ್ಲಿದ್ದ ಸಚ್ಚಿದಾನಂದ ಶಿವಾಭಿನವ ನರಸಿಂಹ ಭಾರತಿಗಳು ಏಕಾಂತಕ್ಕೆ ಈ ಆಚೆಯ ದಡವನ್ನು ಆರಿಸಿಕೊಂಡರು. ಅವರ ತರುವಾಯ ಬಂದು ೧೯೫೪ರವರೆಗೆ ಪೀಠದಲ್ಲಿದ್ದ ಚಂದ್ರಶೇಖರ ಭಾರತಿಗಳೂ ಬಹುಕಾಲ ಅಲ್ಲಿಯೇ ಇದ್ದರು. ದರ್ಶನಕ್ಕೆಂದು ದೂರದೇಶಗಳಿಂದ ಬಂದವರು ದೋಣಿಯಲ್ಲಿ ಹೊಳೆ ದಾಟುತ್ತಿದ್ದರು. ದಾಟುವ ಹೊತ್ತು ಬಹಳವಲ್ಲ. ಆದರೆ ಆ ಒಂದು ಹೊಳೆಯಗಲದಿಂದಲೇ ಊರಿನ ಗದ್ದಲ ಈಚೆಯೂ ಏಕಾಂತ ಆಚೆಯೂ ನಿಲ್ಲುತ್ತಿದ್ದುವು. ಎಲ್ಲ ಕಡೆಯೂ ಜನ ಹೊಳೆಯನ್ನು ಶಪಿಸುತ್ತಿದ್ದರೆ, ಇಲ್ಲಿ ಮಾತ್ರ ಅದು ಬೇಕೆಂದೇ ಇಟ್ಟುಕೊಂಡ ಅಡ್ಡಿಯಾಗಿದ್ದಿತು. ಈಗ ವಿದ್ಯಾತೀರ್ಥ ಸೇತುವೆಂಬ ಕಾಲುಸೇತುವೆಯಿದೆ. ಯಾತ್ರಿಕರು ಅದರ ಮೇಲೆ ನಿಂತು ಕೆಳಗಿನ ಮೀನುಗಳನ್ನು ನೋಡಿ ಮುಂದೆ ಹೋಗುತ್ತಾರೆ.

ಭದ್ರೆಯ ಕಡೆಯ ಕಥೆ ಬೇರೆಯಾಯಿತು. ಮೊದಲು ಎಡೆಹಳ್ಳಿಯೆಂದಿದ್ದ ಊರು, ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಭೇಟಿಯ ನೆನಪಿಗಾಗಿ ೧೯೧೫ರಲ್ಲಿ ನರಸಿಂಹರಾಜಪುರವೆಂದು ಹೆಸರು ಪಡೆಯಿತು. ತರೀಕೆರೆಯಿಂದ ಅಲ್ಲಿಗೆ ಎರಡಡಿ ಅಗಲದ ಹಳಿಯ ಮೇಲೆ ಸಣ್ಣ ರೈಲೂ ಓಡಿತು. ಆ ರೈಲು ಈಗ ಇಲ್ಲ. ೧೯೪೭ರಲ್ಲಿ ಲಕ್ಕವಳ್ಳಿಯ ಬಳಿ ಭದ್ರಾ ಅಣೆಕಟ್ಟಿನ ಕೆಲಸ ಮೊದಲಾಗಿ ೧೯೬೫ರಲ್ಲಿ ಮುಗಿಯಿತು. ಜಲಾಶಯದ ಪೂರ್ಣಮಟ್ಟ ೧೮೬ ಅಡಿ. ಹಿಡಿಯುವ ನೀರು ೭೧ ಟಿ.ಎಂ.ಸಿ.ಗೂ ಮೇಲೆ. ಶಿವಮೊಗ್ಗ, ದಾವಣಗೆರೆಗಳ ಕಡೆಯ ಬಯಲಿನಲ್ಲಿ ಒಂದು ಲಕ್ಷ ಹೆಕ್ಟೇರಿಗೂ ಮಿಕ್ಕಿದ ನೆಲಕ್ಕೆ ಇದರಿಂದ ನೀರು ಹರಿಯಿತು. ಆ ಬಯಲಿನ ಬತ್ತ ಕಬ್ಬುಗಳನ್ನು ನೋಡಿದವರು ಈ ಕಟ್ಟೆಯನ್ನು ಹಳಿಯಲಾರರು. ಆದರೆ ಮೇಲ್ಗಡೆ, ಹೊಳೆಯ ಮಗ್ಗುಲ ಗದ್ದೆ ತೋಟಗಳೂ ಮನೆಗಳೂ ಅವುಗಳೊಂದಿಗೆ ಹಳೆಯ ದೋಣಿಗಂಡಿಗಳೂ ನೀರಿನಡಿಗೆ ಹೋದುವು. ಗುಡ್ಡದ ನೆತ್ತಿಗಳು ನಿಜವಾದ ದ್ವೀಪಗಳಾದುವು. ಮಳೆ ಮಾಡಿದ ದ್ವೀಪ ಕಾರ್ತಿಕಕ್ಕೆ ಕರಗಿಹೋಗುತ್ತಿದ್ದಿತು. ಕಟ್ಟೆ ಮಾಡಿದ ದ್ವೀಪಕ್ಕೆ ಕಾರ್ತಿಕವಿಲ್ಲ. ಬೇಸಗೆಯಲ್ಲಿ ನೀರಿಳಿದು ತೇಲಿದ ನಡುಗಡ್ಡೆಗಳಲ್ಲಿ ನದಿಯ ರೀವ ಹಕ್ಕಿಗಳು ಬಂದು ಮೊಟ್ಟೆಯಿಡುತ್ತವೆ. ಅವನ್ನು ನೋಡಲು ಲಕ್ಕವಳ್ಳಿಯಿಂದ ಪ್ರವಾಸಿಗರು ಯಂತ್ರದ ದೋಣಿಗಳಲ್ಲಿ ಹೋಗುತ್ತಾರೆ. ಊರಿದ್ದೆಡೆ ನೀರಾಗಿ, ಕಾಡುಗುಡ್ಡವಿದ್ದೆಡೆ ಹಕ್ಕಿಯ ಊರಾಯಿತು.

ಇಂಥ ದ್ವೀಪದಲ್ಲಿ ಹಕ್ಕಿಗಳ ಬದಲು ಮನುಷ್ಯರೇ ಉಳಿದರೆ ಏನಾಗುವುದೆಂಬುದನ್ನು ನೆರೆಯ ಸಾಗರದ ಸೀಮೆ ತೋರಿಸಿತು. ಶರಾವತಿಗೆ ಲಿಂಗನಮಕ್ಕಿಯ ಕಟ್ಟೆ ೧೯೬೪ರಲ್ಲಿ ಆದ ಮೇಲೆ, ತುಮರಿ, ಸಿಗಂದೂರುಗಳ ಕಡೆಯ ಹಳ್ಳಿಗಳು ಹಿನ್ನೀರಿನ ಆಚೆ ಉಳಿದುವು. ನಾಡಿಗೆ ದೀಪ ಕೊಟ್ಟವರು ತಾಲ್ಲೂಕಿನ ಊರಿಗೆ ಬರಲು ಲಾಂಚಿಗಾಗಿ ಕಾಯಬೇಕಾಯಿತು. ಬಸ್ಸೂ ಕಾರೂ ದನವೂ ದೇವಿಯ ಭಕ್ತರೂ ಒಂದೇ ಹಲಗೆಯ ಮೇಲೆ ದಾಟಿದರು. ಸಂಜೆಯ ಕಡೆಯ ಲಾಂಚು ಹೊರಟ ಮೇಲೆ ಕಾಯಿಲೆಯವರಿಗೆ ಬಹುದೂರ ಬಳಸಿ ಹೋಗುವ ದಾರಿಯೇ ಗತಿ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಸೇತುವೆ ೨೦೨೫ರ ಜುಲೈ ೧೪ರಂದು ತೆರೆಯಿತು. ಕಟ್ಟೆಗೂ ಸೇತುವೆಗೂ ನಡುವೆ ಅರುವತ್ತೊಂದು ವರ್ಷಗಳು ಕಳೆದಿದ್ದುವು. ನಾವಧ್ಯಕ್ಷನು ಕಟ್ಟಿಕೊಡಬೇಕಾದ ನಷ್ಟದಲ್ಲಿ ಕಾದ ಹೊತ್ತನ್ನು ಕೌಟಿಲ್ಯನು ಸೇರಿಸಲಿಲ್ಲ.

ಕೊಪ್ಪ ಶೃಂಗೇರಿಗಳ ಹೊಳೆಗಳಿಗೆ ಸೇತುವೆಗಳಾದುವು. ಅಂಬಿಗರ ಮಕ್ಕಳು ಬೇರೆ ಕಸುಬು ಹಿಡಿದರು. ಹಳ್ಳಗಳಿಗೆ ಮಾತ್ರ ಇಂದಿಗೂ ಎಲ್ಲ ಕಡೆ ಸೇತುವೆಯಿಲ್ಲ. ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಹೆಚ್ಚುಕಡಮೆ ಒಂದೇ ಸಮಯದಲ್ಲಿ. ಅದಕ್ಕೆ ಮುಂಚೆ ಮನೆಯ ಗಂಡಸರು ಹಳೆಯ ಸಂಕದ ಲಡ್ಡಾದ ಮರವನ್ನು ತೆಗೆದು, ಹೊಸ ಅಡಿಕೆಮರಗಳನ್ನು ಜೋಡಿಸಿ, ಮಕ್ಕಳ ಕೈಗೆಟಕುವಷ್ಟು ಎತ್ತರಕ್ಕೆ ಒಂದು ಬಿದಿರನ್ನು ಅಡ್ಡ ಕಟ್ಟುತ್ತಾರೆ.