ಹನ್ನೊಂದರಲ್ಲಿ ಉಳಿದ ಐದು ಕಮಾನುಗಳು

ಬ್ಯೂನಸ್ ಐರಿಸ್ ಎಂದೊಡನೆ ನಮ್ಮಲ್ಲಿ ಹಲವರಿಗೆ ಮರಡೋನಾ ನೆನಪಾಗುತ್ತಾನೆ. ಸಾಹಿತ್ಯದ ಒಡನಾಟವಿರುವವರಿಗೆ 1924ರ ಕೊನೆಯಲ್ಲಿ ಆ ನಗರದ ಹೊರವಲಯದ ಸಾನ್ ಇಸಿದ್ರೊದಲ್ಲಿ ಅನಾರೋಗ್ಯದಿಂದ ತಂಗಿದ್ದ ರವೀಂದ್ರನಾಥ ಠಾಕೂರರೂ, ಅವರನ್ನು ಆದರಿಸಿದ ವಿಕ್ಟೋರಿಯಾ ಒಕಾಂಪೊ ಅವರೂ ನೆನಪಿಗೆ ಬರುತ್ತಾರೆ. ಆಕೆಯನ್ನು ಕವಿ ‘ವಿಜಯಾ’ ಎಂದು ಕರೆದರು. ‘ಪೂರಬಿ’ ಸಂಕಲನವನ್ನು ಆಕೆಗೇ ಅರ್ಪಿಸಿದರು. ನಾನೂ ಇಷ್ಟೇ ಬಂಡವಾಳವನ್ನು ಕಟ್ಟಿಕೊಂಡು ಒಂದು ನವೆಂಬರ್ ತಿಂಗಳಲ್ಲಿ ಆ ನಗರಕ್ಕೆ ಹೋದವನು. ಹಿಂತಿರುಗುವಾಗ ಮಾತ್ರ ಮನಸ್ಸಿನಲ್ಲಿ ಉಳಿದದ್ದು ಆಟಗಾರನೂ ಅಲ್ಲ, ಕವಿಯೂ ಅಲ್ಲ. ಒಂದು ಬೀದಿ, ಮತ್ತು ಆ ಬೀದಿಗಾಗಿ ಕಡಿಸಿಕೊಂಡ ಒಂದು ಕಟ್ಟಡ.

ಆ ಬೀದಿಯ ಹೆಸರು ಅವೆನಿದಾ ದೆ ಮಾಯೊ, ಅಂದರೆ ಮೇ ಮಹಾಮಾರ್ಗ. ಅಧ್ಯಕ್ಷರ ಕಚೇರಿಯಿರುವ ಮೇ ಚೌಕದಿಂದ ಹೊರಟು, ಸಂಸತ್ ಭವನದ ಎದುರಿನ ಚೌಕದವರೆಗೆ ಸುಮಾರು ಒಂದೂವರೆ ಕಿಲೋಮೀಟರ್ ನೆಟ್ಟಗೆ ಸಾಗುತ್ತದೆ. ಎರಡೂ ಬದಿಯಲ್ಲಿ ಸಾಲುಮರ, ಹಳೆಯ ಹೊಟೇಲುಗಳು, ಗುಮ್ಮಟ ಹೊತ್ತ ಮಾಳಿಗೆಗಳು, 1858ರಲ್ಲಿ ಆರಂಭವಾದ ತೊರ್ತೋನಿ ಎಂಬ ಕಾಫಿಗೃಹ. ಪ್ಯಾರಿಸನ್ನು ನೋಡಿದವರಿಗೆ ಇದೆಲ್ಲ ಎಲ್ಲೋ ಕಂಡಂತೆ ಅನ್ನಿಸದೆ ಇರದು. ಅನ್ನಿಸಲಿ ಎಂದೇ ಇದನ್ನು ಕಟ್ಟಿಸಿದ್ದು.

ಚೌಕದ ಪಶ್ಚಿಮಕ್ಕೆ, ಬೀದಿ ಆರಂಭವಾಗುವಲ್ಲಿಯೇ, ಬಿಳಿಯ ಸುಣ್ಣ ಬಳಿದ ಎರಡಂತಸ್ತಿನ ಒಂದು ಕಟ್ಟಡವಿದೆ. ಅದೇ ಕಬಿಲ್ದೊ, ಸ್ಪೇನಿನ ಆಳ್ವಿಕೆಯ ಕಾಲದ ನಗರಸಭೆ. ಕೆಳಗೆ ಐದು ಕಮಾನು, ಮೇಲೆ ಐದು ಕಮಾನು, ನಡುವೆ ಗೋಪುರ. ಬಲಕ್ಕೆಷ್ಟೋ ಎಡಕ್ಕೂ ಅಷ್ಟೇ. ಎಷ್ಟು ಸಮತೂಕದ ಕಟ್ಟಡವೆಂದರೆ ಹುಟ್ಟಿದ್ದೇ ಹೀಗೆ ಎಂದು ನಂಬಿಬಿಡುತ್ತೇವೆ. ನಾನೂ ನಂಬಿದ್ದೆ. ಒಳಗಿನ ಸಂಗ್ರಹಾಲಯದಲ್ಲಿ ಹಳೆಯ ಚಿತ್ರವೊಂದನ್ನು ನೋಡಿದ ಮೇಲೆ ಹೊರಬಂದು ಮತ್ತೆ ಎಣಿಸಿದೆ. ಚಿತ್ರದಲ್ಲಿದ್ದದ್ದು ಹನ್ನೊಂದು ಕಮಾನು.

ಈ ಕಟ್ಟಡದ ಮಹತ್ವವನ್ನು ಮೊದಲು ಹೇಳಬೇಕು. 1808ರಲ್ಲಿ ನೆಪೋಲಿಯನ್ ಸ್ಪೇನಿನ ಅರಸನನ್ನು ಸೆರೆಯಲ್ಲಿಟ್ಟ ಬಳಿಕ ಅಮೆರಿಕದ ವಸಾಹತುಗಳಲ್ಲಿ ಒಂದು ಪ್ರಶ್ನೆ ಎದ್ದಿತು: ಅರಸನೇ ಇಲ್ಲದ ಮೇಲೆ ಅವನ ಪ್ರತಿನಿಧಿಗೆ ನಾವೇಕೆ ತಲೆಬಾಗಬೇಕು? 1810ರ ಮೇ 22ರಂದು ಬ್ಯೂನಸ್ ಐರಿಸ್‌ನ ಪ್ರಮುಖರು ಈ ಕಬಿಲ್ದೊದಲ್ಲಿ ಬಹಿರಂಗ ಸಭೆ ಸೇರಿ ಅದನ್ನೇ ಚರ್ಚಿಸಿದರು. ಮೇ 25ರಂದು ವೈಸರಾಯನನ್ನು ಬದಿಗೆ ಸರಿಸಿ ಸ್ಥಳೀಯರ ಮೊದಲ ಆಡಳಿತ ಮಂಡಳಿ ರಚನೆಯಾಯಿತು. ಆರು ವರ್ಷಗಳ ನಂತರ, 1816ರ ಜುಲೈ 9ರಂದು, ತುಕುಮಾನ್ ಪಟ್ಟಣದಲ್ಲಿ ಸ್ವಾತಂತ್ರ್ಯದ ಘೋಷಣೆಯಾಯಿತು. ಮೇ 25 ಮತ್ತು ಜುಲೈ 9 ಆ ದೇಶದ ಎರಡು ಪುಣ್ಯದಿನಗಳು. ಈ ಎರಡು ತಾರೀಕುಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಇವುಗಳ ಹೆಸರಿನಲ್ಲೇ ನಡೆಯುತ್ತದೆ.

1880ರಲ್ಲಿ ಬ್ಯೂನಸ್ ಐರಿಸ್ ಒಕ್ಕೂಟದ ರಾಜಧಾನಿಯಾಯಿತು. ದನದ ಮಾಂಸ, ಉಣ್ಣೆ, ಗೋಧಿಯ ರಫ್ತಿನಿಂದ ಹಣ ಹರಿಯುತ್ತಿದ್ದ ಕಾಲ. ಇಟಲಿ, ಸ್ಪೇನುಗಳಿಂದ ಹಡಗು ತುಂಬ ವಲಸಿಗರು ಬಂದಿಳಿಯುತ್ತಿದ್ದ ಕಾಲ. ನಗರದ ಆಡಳಿತಾಧಿಕಾರಿಯಾಗಿ ಬಂದ ತೊರ್ಕ್ವಾತೊ ದೆ ಆಲ್ವಿಯಾರ್‌ನ ಕಣ್ಣಿನಲ್ಲಿ ಇದ್ದದ್ದು ಬ್ಯಾರನ್ ಓಸ್ಮಾನ್ ಪುನರ್ನಿರ್ಮಿಸಿದ ಪ್ಯಾರಿಸ್. ವಸಾಹತು ಕಾಲದ ಇಕ್ಕಟ್ಟಾದ ಓಣಿಗಳು ಹೊಸ ಶ್ರೀಮಂತಿಕೆಗೆ ನಾಚಿಕೆ ತರುವಂತಿದ್ದವು. ಚೌಕವನ್ನು ಎರಡಾಗಿ ಒಡೆದಿದ್ದ ಹಳೆಯ ಅಂಗಡಿಸಾಲನ್ನು ಆತ 1884ರಲ್ಲಿ ಕೆಡವಿಸಿದ. ಅದೇ ವರ್ಷ ಹೊಸ ಮಹಾಮಾರ್ಗಕ್ಕೆ ಬೇಕಾದ ಕಾನೂನಿಗೂ ಒಪ್ಪಿಗೆ ದೊರೆಯಿತು.

ಆದರೆ ನಕ್ಷೆಯ ಮೇಲೆ ಗೆರೆ ಎಳೆದಷ್ಟು ಸುಲಭವಾಗಿ ನೆಲದ ಮೇಲೆ ಎಳೆಯಲಾಗದು. ಗೆರೆಯ ಅಡಿಯಲ್ಲಿ ಮನೆಗಳಿದ್ದವು, ಮನೆಗಳಿಗೆ ಒಡೆಯರಿದ್ದರು. ಅವರಲ್ಲಿ ಇಸಬೆಲ್ ಎಲೊರ್ತೊಂದೊ ಎಂಬ ಮಹಿಳೆಯ ಹೆಸರು ಆ ದೇಶದ ನ್ಯಾಯಾಂಗದ ಇತಿಹಾಸದಲ್ಲಿ ಉಳಿದಿದೆ. ಬೀದಿಗೆ ಬೇಕಾದ ಪಟ್ಟಿಯಷ್ಟೇ ಅಲ್ಲದೆ, ಬೇಡದ ಭಾಗವನ್ನೂ ಸೇರಿಸಿ ಇಡೀ ನಿವೇಶನವನ್ನು ವಶಪಡಿಸಿಕೊಳ್ಳಲು ಕಾನೂನು ನಗರಸಭೆಗೆ ಅವಕಾಶ ಕೊಟ್ಟಿತ್ತು. ಆಕೆ ಒಪ್ಪಲಿಲ್ಲ. ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದ ತನಕ ಹೋಯಿತು. 1888ರಲ್ಲಿ ನ್ಯಾಯಾಲಯ ಆಕೆಯ ಪರವಾಗಿ ತೀರ್ಪು ನೀಡಿತು: ಬೀದಿಗೆ ಎಷ್ಟು ಬೇಕೋ ಅಷ್ಟನ್ನು ಮಾತ್ರ ತೆಗೆದುಕೊಳ್ಳಬಹುದು, ಅದಕ್ಕಿಂತ ಹೆಚ್ಚಿನದನ್ನು ಕಸಿಯುವುದು ಸಂವಿಧಾನ ಕೊಟ್ಟ ಆಸ್ತಿಹಕ್ಕಿಗೆ ವಿರುದ್ಧ. ಸಂಸತ್ತು ಮಾಡಿದ ಕಾನೂನನ್ನೂ ನ್ಯಾಯಾಲಯ ಪರಿಶೀಲಿಸಬಲ್ಲದು ಎಂಬುದನ್ನು ಗಟ್ಟಿಗೊಳಿಸಿದ ಈ ತೀರ್ಪನ್ನು ಅಲ್ಲಿಯ ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ರಸ್ತೆ ಅಗಲೀಕರಣದ ಕೆಂಪು ಗುರುತನ್ನು ತಮ್ಮ ಮನೆಯ ಗೋಡೆಯ ಮೇಲೆ ಕಂಡ ನಮ್ಮ ಓದುಗರಿಗೆ ಆ ಹೆಣ್ಣುಮಗಳ ಹಟ ಚೆನ್ನಾಗಿಯೇ ಅರ್ಥವಾದೀತು.

ಎಲೊರ್ತೊಂದೊ ಅವರಿಗೆ ನ್ಯಾಯಾಲಯವಿತ್ತು. ಕಬಿಲ್ದೊಗೆ ಯಾರೂ ಇರಲಿಲ್ಲ. ಅದು ಸರ್ಕಾರದ್ದೇ ಆಸ್ತಿ, ಸರ್ಕಾರದ್ದೇ ಬೀದಿ. 1889ರಲ್ಲಿ ಉತ್ತರದ ಮೂರು ಕಮಾನುಗಳನ್ನು ಕಡಿದುಹಾಕಿದರು; ಗೋಪುರವನ್ನೂ ಇಳಿಸಿದರು. ಮೇ ತಿಂಗಳ ಕ್ರಾಂತಿಯ ಹೆಸರನ್ನು ಹೊತ್ತ ಬೀದಿಗೆ ದಾರಿ ಮಾಡಿಕೊಡಲು ಮೇ ತಿಂಗಳ ಕ್ರಾಂತಿ ನಡೆದ ಮನೆಯನ್ನೇ ಕತ್ತರಿಸಲಾಯಿತು! 1894ರ ಜುಲೈ 9ರಂದು, ಸ್ವಾತಂತ್ರ್ಯ ದಿನದಂದೇ, ಮಹಾಮಾರ್ಗ ಉದ್ಘಾಟನೆಯಾಯಿತು. ಅದನ್ನು ನೋಡಲು ಆಲ್ವಿಯಾರ್ ಬದುಕಿರಲಿಲ್ಲ, 1890ರಲ್ಲೇ ತೀರಿಕೊಂಡಿದ್ದ.

ಎಂಟು ಕಮಾನುಗಳ ಒಕ್ಕಣ್ಣ ಕಟ್ಟಡವಾಗಿ ಕಬಿಲ್ದೊ ನಾಲ್ಕು ದಶಕ ನಿಂತಿತ್ತು. 1931ರಲ್ಲಿ ಇನ್ನೊಂದು ಓರೆಬೀದಿ ಬಂದಿತು. ಈ ಬಾರಿ ದಕ್ಷಿಣದ ಮೂರು ಕಮಾನುಗಳು ಹೋದವು. ಹೀಗೆ ಎರಡನೆಯ ಕೊಡಲಿಯೇಟು ಮೊದಲನೆಯದರ ಗಾಯವನ್ನು ಮರೆಮಾಡಿತು. 1933ರಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. 1940ರಲ್ಲಿ ವಾಸ್ತುಶಿಲ್ಪಿ ಮಾರಿಯೊ ಬುಸ್ಕಿಯಾಸೊ ಹಳೆಯ ದಾಖಲೆಗಳನ್ನು ಶೋಧಿಸಿ ಗೋಪುರವನ್ನು ಮತ್ತೆ ನಿಲ್ಲಿಸಿದರು. ಆರು ಕಮಾನುಗಳನ್ನು ತರುವುದು ಸಾಧ್ಯವಿರಲಿಲ್ಲ. ಅವುಗಳ ಜಾಗದಲ್ಲಿ ಬಸ್ಸುಗಳು ಓಡಾಡುತ್ತಿದ್ದವು.

ಇಷ್ಟಾದರೂ ಬೀದಿಯನ್ನು ಬೈಯಲು ಮನಸ್ಸು ಬಾರದು. ಏಕೆಂದರೆ ಜನ ಅದನ್ನು ತಮ್ಮದಾಗಿಸಿಕೊಂಡರು. 1913ರ ಡಿಸೆಂಬರ್ 1ರಂದು ಇದರ ನೆಲದಡಿಯಲ್ಲಿ ದಕ್ಷಿಣ ಅಮೆರಿಕದ ಮೊದಲ ಸುರಂಗ ರೈಲು ಓಡಿತು. ಬೆಲ್ಜಿಯಂನಿಂದ ಬಂದ ಮರದ ಬೋಗಿಗಳು 2013ರ ತನಕ, ಹತ್ತಿರ ಹತ್ತಿರ ನೂರು ವರ್ಷ, ದುಡಿದವು. 1923ರಲ್ಲಿ ಮುಗಿದ ಬಾರೊಲೊ ಸೌಧವನ್ನು ಮಾರಿಯೊ ಪಲಾಂತಿ ಎಂಬ ಇಟಲಿಯ ವಾಸ್ತುಶಿಲ್ಪಿ ಡಾಂಟೆಯ ಮಹಾಕಾವ್ಯವನ್ನು ಮನದಲ್ಲಿಟ್ಟುಕೊಂಡು ಕಟ್ಟಿದ: ಕೆಳಗೆ ನರಕ, ನಡುವೆ ಶುದ್ಧಿಲೋಕ, ಮೇಲೆ ಸ್ವರ್ಗ, ತುದಿಯಲ್ಲಿ ದೀಪಸ್ತಂಭ. ಬಟ್ಟೆ ಗಿರಣಿಯ ಒಡೆಯ ಲೂಯಿಸ್ ಬಾರೊಲೊ ತನ್ನ ಸ್ವರ್ಗ ಪೂರ್ತಿಯಾಗುವ ಮುನ್ನವೇ ತೀರಿಕೊಂಡ. 1933ರಲ್ಲಿ ಸ್ಪೇನಿನ ಕವಿ ಲೋರ್ಕಾ ಬಂದು ಈ ಬೀದಿಯ ಹೊಟೇಲೊಂದರಲ್ಲಿ ತಿಂಗಳುಗಟ್ಟಲೆ ತಂಗಿದ್ದ. ಮೂರು ವರ್ಷಗಳಲ್ಲಿ ತನ್ನ ನಾಡಿನಲ್ಲೇ ಗುಂಡಿಗೆ ಬಲಿಯಾದ. ಅವನ ಕೊನೆಯ ನಾಟಕ ‘ಬೆರ್ನಾರ್ದಾ ಆಲ್ಬಾಳ ಮನೆ’ಗೆ ಫ್ರಾಂಕೊನ ಸ್ಪೇನಿನಲ್ಲಿ ರಂಗ ದೊರೆಯಲಿಲ್ಲ, 1945ರಲ್ಲಿ ಅದರ ಮೊದಲ ಪ್ರದರ್ಶನ ನಡೆದದ್ದು ಈ ಬೀದಿಯ ಅವೆನಿದಾ ರಂಗಮಂದಿರದಲ್ಲಿ. ತಾಯ್ನಾಡು ಒಲ್ಲದ ಮಾತನ್ನು ಹೊರನಾಡು ಕಾಪಾಡುವುದು ಹೊಸತಲ್ಲ. ಹೊರನಾಡಿನಲ್ಲಿ ಕುಳಿತು ಕನ್ನಡ ಬರೆಯುವ ನಮಗೆ ಆ ಬಾಗಿಲ ಮುಂದೆ ಎರಡು ಗಳಿಗೆ ನಿಲ್ಲದೆ ಹೋಗಲಾಗದು.

ಬೀದಿಯ ನಡುವಿಗೆ ಬಂದಾಗ ನೆಲ ಹಠಾತ್ತನೆ ಬಯಲಾಗುತ್ತದೆ. ಎದುರಿಗೆ ಅಡ್ಡಲಾಗಿ ಹರಿಯುವುದು ಜುಲೈ 9 ಮಹಾಮಾರ್ಗ. ಅಗಲ ಸುಮಾರು 140 ಮೀಟರ್. ಒಂದು ಹಸಿರು ದೀಪದ ಅವಧಿಯಲ್ಲಿ ದಾಟುವುದು ಗಟ್ಟಿ ಕಾಲಿನವರಿಗೂ ಕಷ್ಟ. ನಡುದಾರಿಯಲ್ಲಿ ನಿಂತು ಇನ್ನೊಂದು ದೀಪಕ್ಕೆ ಕಾಯಬೇಕು. ನಾನು ನಿಂತಲ್ಲಿ ಜಕರಂಡ ಮರಗಳು ನೇರಳೆ ಹೂವನ್ನು ಸುರಿಸುತ್ತಿದ್ದವು. ಫೆಬ್ರವರಿ, ಮಾರ್ಚಿನಲ್ಲಿ ಬೆಂಗಳೂರಿನ ಬೀದಿಗಳನ್ನು ತುಂಬುವ ಅದೇ ಹೂ. ಅದರ ತವರು ಈ ಭೂಭಾಗವೇ. ನಮ್ಮೂರಿನದೆಂದುಕೊಂಡದ್ದನ್ನು ಅದರ ತವರಿನಲ್ಲಿ, ನವೆಂಬರಿನ ವಸಂತದಲ್ಲಿ ಕಂಡಾಗ ಯಾರು ಅತಿಥಿ, ಯಾರು ಆತಿಥೇಯ ಎಂಬ ಲೆಕ್ಕ ತಪ್ಪಿಹೋಯಿತು.

ಈ ಬೀದಿಗೆ 1912ರಲ್ಲಿ ಕಾನೂನಾಯಿತು. ಮೊದಲ ಭಾಗ ತೆರೆದದ್ದು 1937ರಲ್ಲಿ. ಅದಕ್ಕಾಗಿ ಮನೆಗಳ ಸಾಲುಸಾಲನ್ನೇ ಅಳಿಸಲಾಯಿತು. ಹೋದವುಗಳಲ್ಲಿ ಸಾನ್ ನಿಕೊಲಾಸ್ ಚರ್ಚೂ ಒಂದು. ನಗರದಲ್ಲಿ ರಾಷ್ಟ್ರಧ್ವಜ ಮೊದಲ ಬಾರಿ, 1812ರ ಆಗಸ್ಟ್ 23ರಂದು, ಹಾರಿದ್ದು ಅದರ ಗೋಪುರದ ಮೇಲೆ. ಮತ್ತೆ ಅದೇ ವ್ಯಂಗ್ಯ: ಸ್ವಾತಂತ್ರ್ಯ ದಿನದ ಹೆಸರಿನ ಬೀದಿಗಾಗಿ ಸ್ವಾತಂತ್ರ್ಯದ ಬಾವುಟ ಹಾರಿದ ಗೋಪುರವೇ ಇಲ್ಲವಾಯಿತು. ಅದೇ ಜಾಗದಲ್ಲಿ 1936ರಲ್ಲಿ, ನಗರಕ್ಕೆ ಸ್ಪೇನಿನವರು ಮೊದಲು ಬಂದು ನೆಲೆಯೂರಿದ 400ನೆಯ ವರ್ಷದ ನೆನಪಿಗೆ, ಅಲ್ಬೆರ್ತೊ ಪ್ರೆಬಿಶ್ ರೂಪಿಸಿದ 67 ಮೀಟರಿಗೂ ಎತ್ತರದ ಶಿಲಾಸ್ತಂಭಾಕಾರದ ಸ್ಮಾರಕ ಎದ್ದಿತು. ಜನ ಅದನ್ನು ಗೇಲಿ ಮಾಡಿದರು. 1939ರಲ್ಲಿ ನಗರ ಪರಿಷತ್ತು ಕೆಡವಲು ಮತ ಹಾಕಿತು. ಆಡಳಿತಾಧಿಕಾರಿ ಒಪ್ಪದ್ದರಿಂದ ಉಳಿಯಿತು. ಇಂದು ಫುಟ್ಬಾಲ್ ಗೆದ್ದಾಗ ಇಡೀ ನಗರ ಸೇರುವುದು ಅದರ ಬುಡದಲ್ಲಿ. ಅದರ ಉತ್ತರ ಮುಖದ ಮೇಲೆ ಇಲ್ಲದ ಚರ್ಚಿನ ಗೋಪುರದ ವಿಷಯವನ್ನು ಕೆತ್ತಿದ್ದಾರೆ. ಕೆಡವಿದ ಮೇಲೆ ಕೆತ್ತುವುದು ಸರ್ಕಾರಗಳಿಗೆ ಎಲ್ಲೆಡೆಯೂ ಅಭ್ಯಾಸವಾಗಿರುವ ಪ್ರಾಯಶ್ಚಿತ್ತ.

1951ರ ಆಗಸ್ಟ್ 22ರಂದು ಈ ಬಯಲಿನಲ್ಲಿ ಲಕ್ಷಾಂತರ ಕಾರ್ಮಿಕರು ಸೇರಿ ಎವಾ ಪೆರೊನ್ ಉಪಾಧ್ಯಕ್ಷೆಯಾಗಬೇಕೆಂದು ಒತ್ತಾಯಿಸಿದರು. ಕೆಲವೇ ದಿನಗಳಲ್ಲಿ ಆಕೆ ರೇಡಿಯೊದಲ್ಲಿ ಸ್ಥಾನವನ್ನು ನಿರಾಕರಿಸಿದಳು. ಮರುವರ್ಷ ಕ್ಯಾನ್ಸರಿಗೆ ತುತ್ತಾದಳು. ಆ ಸಭೆಯನ್ನು ಕರೆದದ್ದು ‘ಬಹಿರಂಗ ಕಬಿಲ್ದೊ’ ಎಂಬ ಹೆಸರಿನಲ್ಲಿ. ಕಟ್ಟಡದ ಕಮಾನುಗಳು ಕಡಿಮೆಯಾದರೂ ಅದರ ಹೆಸರು ಬೀದಿಗೆ ಬಂದು ಹಿಗ್ಗಿತ್ತು.

ಇಲ್ಲಿಯವರೆಗಿನ ಕೆಡವುವಿಕೆಯಲ್ಲಿ ಅವಸರವಿತ್ತು, ಅಹಂಕಾರವಿತ್ತು. ಮೂರನೆಯದರಲ್ಲಿ ಬೇರೊಂದಿತ್ತು. 1976ರಿಂದ 1983ರವರೆಗೆ ಸೇನೆ ಆಳಿದಾಗ ಸಾವಿರಾರು ಜನರನ್ನು ಹಿಡಿದೊಯ್ದು ಕಾಣದಂತೆ ಮಾಡಲಾಯಿತು. ಪಾಸೆಯೊ ಕೊಲೊನ್ ಬೀದಿಯಲ್ಲಿದ್ದ ಪೊಲೀಸ್ ಉಗ್ರಾಣವೊಂದರ ನೆಲಮಾಳಿಗೆ 1977ರಲ್ಲಿ ರಹಸ್ಯ ಬಂಧೀಖಾನೆಯಾಗಿತ್ತು. ಬಳಿಕ ಆ ಕಟ್ಟಡವನ್ನು ಕೆಡವಿದರು. ಮೇಲೆ ಕಾಂಕ್ರೀಟ್ ಕಂಬಗಳ ಎಕ್ಸ್‌ಪ್ರೆಸ್ ಹೆದ್ದಾರಿ ಬಂದಿತು. 1980ರಲ್ಲಿ ಸಂಚಾರಕ್ಕೆ ತೆರೆಯಿತು. ಅದರ ಹೆಸರು ‘ಮೇ 25’. 2002ರಿಂದ ಅದೇ ಹೆದ್ದಾರಿಯ ಕೆಳಗೆ ಪುರಾತತ್ವಜ್ಞರು ಅಗೆದು ನೆಲಮಾಳಿಗೆಯ ಗೋಡೆಗಳನ್ನು ಹೊರತೆಗೆಯುತ್ತಿದ್ದಾರೆ. ತಲೆಯ ಮೇಲೆ ಲಾರಿಗಳ ಸದ್ದು. ಕೆಳಗೆ ಕುಂಚ ಹಿಡಿದು ಮಣ್ಣು ಒರೆಸುವವರು ಹುಡುಕುತ್ತಿರುವುದು ಸಾವಿರ ವರ್ಷದ ಹಿಂದಿನದನ್ನಲ್ಲ, ತಮ್ಮ ತಂದೆತಾಯಿಗಳ ಕಾಲದ್ದನ್ನು.

ಆ ಕಾಣೆಯಾದವರ ತಾಯಂದಿರು 1977ರ ಏಪ್ರಿಲ್ 30ರಂದು ಮೊದಲ ಬಾರಿ ಮೇ ಚೌಕದಲ್ಲಿ ಸೇರಿದರು. ಗುಂಪಾಗಿ ನಿಲ್ಲಬಾರದು, ನಡೆಯಿರಿ ಎಂದರು ಪೊಲೀಸರು. ತಾಯಂದಿರು ನಡೆದರು, ಕಬಿಲ್ದೊ ಎದುರಿನ ಮೇ ಸ್ತಂಭದ ಸುತ್ತ, ತಲೆಗೆ ಬಿಳಿ ವಸ್ತ್ರ ಕಟ್ಟಿ, ಗುರುವಾರದಿಂದ ಗುರುವಾರಕ್ಕೆ. ಅವರ ಮುಂದಾಳಾಗಿದ್ದ ಅಸುಸೆನಾ ವಿಯಾಫ್ಲೋರ್ ಅದೇ ವರ್ಷದ ಡಿಸೆಂಬರಿನಲ್ಲಿ ತಾವೇ ಕಾಣೆಯಾದರು. 2005ರಲ್ಲಿ ಅವರ ಅವಶೇಷಗಳು ಗುರುತಿಗೆ ಸಿಕ್ಕವು. ಚಿತಾಭಸ್ಮವನ್ನು ಆ ಸ್ತಂಭದ ಬುಡದಲ್ಲೇ ಇಟ್ಟಿದ್ದಾರೆ. ಬೀದಿಗಳನ್ನು ಅಗಲಗೊಳಿಸಿದ ನಗರದಲ್ಲಿ ಇತಿಹಾಸವನ್ನು ಕಾಪಾಡಿದ್ದು ಒಂದು ಸಣ್ಣ ವೃತ್ತದ ನಡಿಗೆ.

ಹೊರಡುವ ದಿನ ಮತ್ತೆ ಕಬಿಲ್ದೊ ಬಳಿಗೆ ಹೋದೆ. ಉತ್ತರದ ಗೋಡೆಯಿಂದ ಒಂದೊಂದು ಕಮಾನಿನ ಅಳತೆಗೆ ಹೆಜ್ಜೆ ಎಣಿಸುತ್ತ ನಡೆದೆ. ಮೂರನೆಯ ಕಮಾನು ಇದ್ದಿರಬಹುದಾದ ಜಾಗ ಬಂದಾಗ ಮೇ ಬೀದಿಯ ಡಾಂಬರಿನ ಮೇಲೆ, ಪಾದಚಾರಿಗಳ ಬಿಳಿ ಪಟ್ಟೆಯಲ್ಲಿ ನಿಂತಿದ್ದೆ. ದೀಪ ಬದಲಾಯಿತು. ಬಸ್ಸಿನವನು ಹಾರ್ನ್ ಹೊಡೆದ. ಇಲ್ಲದ ಕಮಾನಿನ ಕೆಳಗಿನಿಂದ ಹಾದು ನಾನು ಆಚೆ ಬದಿಗೆ ಹೋದೆ.