ಬಾನುಂಬಿರ್: ಯೊಲ್ಙು ಹಾಡು-ಕುಣಿತದಲ್ಲಿ ಬೆಳ್ಳಿಚುಕ್ಕಿ

ಆಸ್ಟ್ರೇಲಿಯದ ಉತ್ತರ ಕರಾವಳಿಯಲ್ಲಿರುವ ಆರ್ನ್‌ಹೆಮ್ ಲ್ಯಾಂಡಿನ ಈಶಾನ್ಯ ಭಾಗ ಯೊಲ್ಙು ಜನರ ನೆಲ. ಮುಂಜಾನೆ ಮೂಡುವ ಶುಕ್ರನನ್ನು ಅವರು ಬಾನುಂಬಿರ್ ಎನ್ನುತ್ತಾರೆ. ಯೊಲ್ಙು ಲೋಕದಲ್ಲಿ ಜನ, ಪ್ರಾಣಿ, ನೆಲ, ನಕ್ಷತ್ರ ಎಲ್ಲವೂ ದುವ, ಯಿರ್ರಿಚ ಎಂಬ ಎರಡು ಬಣಗಳಿಗೆ ಹಂಚಿಹೋಗಿವೆ. ಬಾನುಂಬಿರ್ ದುವ ಬಣಕ್ಕೆ ಸೇರಿದ್ದು.

ಪುರಾಣದ ಪ್ರಕಾರ ಜಂಗ್ಗವುಲ್ ಎಂಬ ಮೂಲಪುರುಷನೂ ಅವನ ಇಬ್ಬರು ಸೋದರಿಯರೂ ಪೂರ್ವ ಸಮುದ್ರದಾಚೆಯ ಬರಲ್ಕು ದ್ವೀಪದಿಂದ ದೋಣಿಯಲ್ಲಿ ಬಂದು ಯಲಂಗ್‌ಬರ ತೀರದಲ್ಲಿ ಇಳಿದರು. ಅವರಿಗೆ ದಾರಿ ತೋರಿದ್ದು ಬಾನುಂಬಿರ್. ಸತ್ತವರ ಆತ್ಮಗಳು ಸೇರುವುದೂ ಬರಲ್ಕುವಿಗೇ. ಆದ್ದರಿಂದ ಬೆಳ್ಳಿಚುಕ್ಕಿಯ ಆಚರಣೆ ಮುಖ್ಯವಾಗಿ ಉತ್ತರಕ್ರಿಯೆಯ ಭಾಗ. ಮುಸ್ಸಂಜೆಗೆ ತೊಡಗಿದ ಹಾಡು, ಬಿಲ್ಮ ಎಂಬ ತಾಳದ ಕೋಲುಗಳು ಮತ್ತು ಗೆದ್ದಲು ತಿಂದು ಟೊಳ್ಳಾದ ಮರದಿಂದ ಮಾಡಿದ ಯಿಡಾಕಿ ಎಂಬ ಊದುವಾದ್ಯದ ಮೊರೆತದೊಡನೆ ಇರುಳೆಲ್ಲ ನಡೆದು, ಬೆಳ್ಳಿ ಮೂಡುವ ಹೊತ್ತಿಗೆ ಉತ್ಕರ್ಷಕ್ಕೇರುತ್ತದೆ. ಕುಣಿತಕ್ಕೆ ತರುವ ಬೆಳ್ಳಿಚುಕ್ಕಿಯ ಕಂಬದ ತುದಿಯಲ್ಲಿರುವ ಗರಿಗೊಂಚಲೇ ನಕ್ಷತ್ರ.

ಕಂಬದಿಂದ ಇಳಿಬಿಟ್ಟ ಗರಿ ಪೋಣಿಸಿದ ದಾರಗಳಿಗೂ ಅರ್ಥವಿದೆ. ಬರಲ್ಕುವಿನ ಆತ್ಮಗಳು ಬಾನುಂಬಿರನ್ನು ಉದ್ದನೆಯ ದಾರಕ್ಕೆ ಕಟ್ಟಿ ಮೇಲಕ್ಕೆ ಬಿಡುತ್ತವೆ, ಬೆಳಗಾಗುತ್ತಲೇ ಹಿಂದಕ್ಕೆ ಎಳೆದುಕೊಳ್ಳುತ್ತವೆ. ಭೂಮಿಯಿಂದ ನೋಡಿದರೆ ಶುಕ್ರ ಸೂರ್ಯನಿಂದ ಸುಮಾರು 47 ಡಿಗ್ರಿಗಿಂತ ಹೆಚ್ಚು ದೂರ ಸರಿಯುವುದೇ ಇಲ್ಲ. ದಾರದ ಕಥೆ ಹೇಳುತ್ತಿರುವುದೂ ಇದನ್ನೇ ಎನ್ನಬಹುದು. ಶುಕ್ರ ಮುಂಜಾನೆಯ ಆಕಾಶಕ್ಕೆ ಮರಳುವುದು ಸುಮಾರು 584 ದಿನಗಳಿಗೊಮ್ಮೆ. ದೂರದ ನೆಂಟರನ್ನೂ ಕೂಡಿಸಬೇಕಾದ ಇಂಥ ಆಚರಣೆಗೆ ಈ ಲೆಕ್ಕ ಮೊದಲೇ ತಿಳಿದಿರಬೇಕು ಎಂಬುದನ್ನು ಖಗೋಳವಿಜ್ಞಾನಿ ರೇ ನಾರಿಸ್ ಎತ್ತಿ ತೋರಿಸಿದ್ದಾರೆ. ಹಾಗೆಂದು ಇದನ್ನು ಬರಿಯ ಪಂಚಾಂಗವೆಂದುಕೊಂಡರೆ ತಪ್ಪಾದೀತು. ಹಾಡುವವರಿಗೆ ಮುಖ್ಯವಾದದ್ದು ಅಗಲಿದವರ ಪಯಣ.

ಯೊಲ್ಙು ಜನರ ಇಂಥ ಹಾಡು-ಕಥೆಗಳ ಬರಹದ ದಾಖಲೆ ಈಚಿನದು. ಮಾನವಶಾಸ್ತ್ರಜ್ಞ ಲಾಯ್ಡ್ ವಾರ್ನರ್ 1926ರಿಂದ 1929ರವರೆಗೆ ಮಿಲಿಂಗಿಂಬಿಯಲ್ಲಿ ಅಧ್ಯಯನ ನಡೆಸಿ 1937ರಲ್ಲಿ ಗ್ರಂಥ ಪ್ರಕಟಿಸಿದರು. 1948ರಲ್ಲಿ ಇನ್ನೊಬ್ಬ ಮಾನವಶಾಸ್ತ್ರಜ್ಞ ರೊನಾಲ್ಡ್ ಬರ್ಂಟ್ 'ಓಷಿಯಾನಿಯ' ಪತ್ರಿಕೆಯಲ್ಲಿ ಚಂದ್ರನ ಎಲುಬಿನ ಹಾಡುಮಾಲೆಯನ್ನು ಅನುವಾದಿಸಿ ಕೊಟ್ಟರು. ಅದರ ಹಿಂದಿನ ಕಥೆಯಲ್ಲಿ ಚಂದ್ರ ಸಾಯುವಾಗ ಕಡಲಿಗೆ ಎಸೆದ ಎಲುಬು ನಾಟಿಲಸ್ ಚಿಪ್ಪಾಗುತ್ತದೆ. ಯೊಲ್ಙು ಜನ ಉಬ್ಬರವಿಳಿತವನ್ನೂ ಚಂದ್ರನಿಗೇ ಜೋಡಿಸುತ್ತಾರೆ. 1632ರಲ್ಲಿ ಆ ನಂಟನ್ನು ತಳ್ಳಿಹಾಕಿದ ಗೆಲಿಲಿಯೊಗಿಂತ ಈ ವಿಷಯದಲ್ಲಿ ಅವರೇ ಸರಿ.

ಎಲ್ಕೊ ದ್ವೀಪದ ಗಾಲಿವಿನ್‌ಕುವಿನಲ್ಲಿ ತಯಾರಾದ ಬೆಳ್ಳಿಯ ಕಂಬಗಳು ಈಗ ಕಲಾಸಂಗ್ರಹಾಲಯಗಳಲ್ಲೂ ಕಾಣಸಿಗುತ್ತವೆ. ಹಾಡಿನ ಹಕ್ಕು ಮಾತ್ರ ಆಯಾ ಕುಲದವರದೇ. ಅವರ ಒಪ್ಪಿಗೆಯಿಲ್ಲದೆ ಬೇರೆಯವರು ಅದನ್ನು ಹಾಡುವಂತಿಲ್ಲ.